ಸಿಂಬಿ ಯಾರದ್ದು?

ಹನ್ನೆರಡು ವರ್ಷದ ಗೆಳೆಯನ ಹತ್ತಿರ ನಾನು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೇನೆ. ಜಯನಗರದ ಒಂದು ದರ್ಶಿನಿಯಲ್ಲಿ, ನಿಂತು ಕಾಫಿ ಕುಡಿಯುವ ಎತ್ತರದ ಮೇಜಿನ ಮೇಲೆ, ಚಟ್ನಿ ತಾಗದ ಹಾಗೆ ಒಂದು ಮೂಲೆ ಒರೆಸಿ, ಎರಡು ಪುಟದ ಗೋಪ್ಯತಾ ಒಪ್ಪಂದ ಇಟ್ಟೆ. ಇಂಟರ್ನೆಟ್ಟಿನಿಂದ ಇಳಿಸಿ, ಹೆಸರು ತುಂಬಿ, ಪ್ರಿಂಟ್ ತೆಗೆದು ತಂದಿದ್ದೆ. ಅವನು ಮೊದಲು ತಮಾಷೆ ಅಂದುಕೊಂಡ. ನಾನು ಪೆನ್ನು ಚಾಚಿದಾಗ ಮುಖ ನೋಡಿದ. ‘ಸೀರಿಯಸ್ಸಾ?’ ಅಂದ. ‘ಫಾರ್ಮಾಲಿಟಿ ಅಷ್ಟೇ ಕಣೋ’ ಅಂದೆ. ಓದದೇ ಸಹಿ ಹಾಕಿದ. ಓದದೇ ಹಾಕಿದ್ದೇ ಅವನು ಕೊಟ್ಟ ಏಟು ಅಂತ ಆಮೇಲೆ ಅರ್ಥವಾಯಿತು.

ಹಾಗೆ ಸಹಿ ಹಾಕಿಸಿಕೊಂಡು ನಾನು ಹೇಳಿದ ಗುಟ್ಟು ಇಷ್ಟು: ಪಾತ್ರೆಯ ಕೆಳಗೆ ಇಡುವ ಒಂದು ಸಿಲಿಕೋನ್ ಬಳೆ.

ನಗಬೇಡಿ, ವಿಷಯ ಇದೆ. ಸ್ಟೀಲ್ ಬೋಗುಣಿಯಲ್ಲಿ ಚಪಾತಿ ಹಿಟ್ಟು ಕಲಸುವಾಗ ಗ್ರಾನೈಟ್ ಕಟ್ಟೆಯ ಮೇಲೆ ಬೋಗುಣಿ ಗಿರಗಿರ ತಿರುಗುತ್ತದೆ. ಎರಡು ಕೈ ಗಟ್ಟಿ ಇರುವವರಿಗೆ ಇದು ಸಮಸ್ಯೆಯೇ ಅಲ್ಲ, ಒಂದು ಕೈ ಹಿಡಿಯುತ್ತದೆ, ಇನ್ನೊಂದು ಕಲಸುತ್ತದೆ. ಆದರೆ ಪಾರ್ಶ್ವವಾಯು ಹೊಡೆದವರಿಗೆ, ಮಣಿಕಟ್ಟು ಮುರಿದುಕೊಂಡವರಿಗೆ, ಸಂಧಿವಾತದ ಅಜ್ಜಿಯಂದಿರಿಗೆ ಒಂದು ಕೈಯೇ ಗತಿ. ಅವರಿಗಾಗಿ, ಬೋಗುಣಿಯನ್ನು ಅಲುಗದಂತೆ ಹಿಡಿಯುವ, ಬೇಕಾದರೆ ವಾಲಿಸಿಯೂ ನಿಲ್ಲಿಸುವ ಒಂದು ಬಳೆ. ಒಳಗೆ ಇಳಿಜಾರು, ಮೂರು ಏಣು, ಕೆಳಗೆ ಕಟ್ಟೆಗೆ ಕಚ್ಚುವ ತಳ. ನಮ್ಮ ಮನೆಗಳಲ್ಲಿರುವ ಚಿಕ್ಕದು ದೊಡ್ಡದು ಎಲ್ಲ ಬೋಗುಣಿಗೂ ಒಂದೇ ಬಳೆ ಸಾಕು.

ಐಡಿಯಾ ಹೊಳೆದವನಿಗೆ ಮೊದಲು ಬರೋದು ಖುಷಿ. ಅದರ ಬೆನ್ನಿಗೇ ಭಯ. ಯಾರಾದರೂ ಕದ್ದರೆ? ನಾನು ಕೆಲಸ ಮಾಡುವ ಕಡೆ ದಿನಕ್ಕೆ ಎಂಟು ಗಂಟೆ ಬೇರೆಯವರ ಪ್ರಾಡಕ್ಟ್ ಬೆಳೆಸುತ್ತೇನೆ. ಇದೊಂದು ನನ್ನದು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಹಾಕಿದ ಫೋಲ್ಡರ್ ಮಾಡಿದೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ‘ವೀಕೆಂಡ್ ಏನ್ ಮಾಡ್ದೆ’ ಅಂದರೆ ‘ಏನಿಲ್ಲ, ನಿದ್ದೆ’ ಅಂದೆ. ಪೀಣ್ಯದ ಒಂದು ರಬ್ಬರ್ ಕಾರ್ಖಾನೆಗೆ ಹೋಗಿ ಅಚ್ಚಿನ ಬೆಲೆ ಕೇಳಿದಾಗ ‘ಇದು ಯಾವುದಕ್ಕೆ ಸಾರ್’ ಅಂದರು. ‘ಲ್ಯಾಬಿಗೆ’ ಅಂತ ಸುಳ್ಳು ಹೇಳಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರೆ. ನಾನು ಕೂಸು ಹುಟ್ಟುವ ಮುಂಚೆ ಬಾಗಿಲಿಗೆ ಬೀಗ, ಕಿಟಕಿಗೆ ಸರಳು, ಗೇಟಿಗೆ ಕಾವಲು ಎಲ್ಲ ಇಟ್ಟಿದ್ದೆ.

ಇಷ್ಟು ಕಾವಲು ಕಾದವನು ಕಾನೂನು ಏನು ಹೇಳುತ್ತದೆ ಅಂತ ಓದಿದ್ದು ಮಾತ್ರ ಕೊನೆಗೆ. ಓದಿದಾಗ ಮೊದಲ ಆಘಾತ: ಬರೀ ಐಡಿಯಾಕ್ಕೆ ಯಾವ ರಕ್ಷಣೆಯೂ ಇಲ್ಲ. ‘ಅಲುಗದ ಬಳೆ ಮಾಡಬೇಕು’ ಅನ್ನುವ ಯೋಚನೆ ಯಾರ ಸ್ವತ್ತೂ ಅಲ್ಲ. ಅದನ್ನು ಹೇಗೆ ಸಾಧಿಸಿದಿರಿ ಅನ್ನುವುದಕ್ಕೆ ಪೇಟೆಂಟ್ ಸಿಗಬಹುದು, ಅದೂ ಹೊಸದಾಗಿದ್ದರೆ, ಆ ಕಸುಬು ಬಲ್ಲ ಯಾರಿಗೂ ಸುಲಭವಾಗಿ ಹೊಳೆಯುವಂಥದ್ದು ಆಗಿರದಿದ್ದರೆ, ಕಾರ್ಖಾನೆಯಲ್ಲಿ ಮಾಡಲು ಬರುವಂತಿದ್ದರೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಕೇಳುವುದು ಈ ಮೂರನ್ನು. ಕೆಲಸ ಇನ್ನೂ ಅರ್ಧದಲ್ಲಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ಜಾಗ ಹಿಡಿದಿಡಬಹುದು, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಹಾಕುವುದಾದರೆ ಅರ್ಜಿ ಶುಲ್ಕ 1,600 ರೂಪಾಯಿ. ಆದರೆ 12 ತಿಂಗಳೊಳಗೆ ಪೂರ್ಣ ವಿವರ ಕೊಡದಿದ್ದರೆ ಟವೆಲ್ ತೆಗೆದು ಬಿಸಾಕುತ್ತಾರೆ. ವಸ್ತುವಿನ ನೋಟಕ್ಕೆ ಬೇರೆ ಕಾನೂನು, 2000ದ ವಿನ್ಯಾಸ ಕಾಯ್ದೆ, ಅದು 10 ವರ್ಷ, ಇನ್ನೂ 5 ವರ್ಷ ವಿಸ್ತರಿಸಬಹುದು. ಹೆಸರಿಗೆ ಟ್ರೇಡ್‌ಮಾರ್ಕ್, ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ.

ಎರಡನೇ ಸಂಗತಿ ನನ್ನನ್ನು ಹೆಚ್ಚು ಕಾಡಿತು. ಪೇಟೆಂಟ್ ಅಂದರೆ ಬೀಗ ಅಂದುಕೊಂಡಿದ್ದೆ. ಆ ಪದದ ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ತೆರೆದದ್ದು’. ಮುದ್ರೆ ಒಡೆಯದೆಯೇ ಯಾರು ಬೇಕಾದರೂ ಓದಬಹುದಾದ ರಾಜನ ಬಹಿರಂಗ ಪತ್ರ. 1474ರಲ್ಲಿ ವೆನಿಸ್ ನಗರ ಹೊಸ ಉಪಕರಣ ಮಾಡಿದವರಿಗೆ ಹತ್ತು ವರ್ಷ ಬೇರೆ ಯಾರೂ ಅದನ್ನು ಮಾಡುವಂತಿಲ್ಲ ಅಂತ ಕಾನೂನು ತಂದಾಗಲೂ ಷರತ್ತು ಇದೇ, ಮೊದಲು ಬಂದು ತೋರಿಸು. ಇವತ್ತಿಗೂ ಅರ್ಜಿ ಹಾಕಿದ 18 ತಿಂಗಳ ನಂತರ ಅದು ಪ್ರಕಟವಾಗುತ್ತದೆ, ಜಗತ್ತಿನ ಯಾರು ಬೇಕಾದರೂ ಓದಬಹುದು. 20 ವರ್ಷ ಕಳೆದ ಮೇಲೆ ಯಾರು ಬೇಕಾದರೂ ಮಾಡಬಹುದು. ಅಂದರೆ ಪೇಟೆಂಟ್ ಅನ್ನುವುದು ಸಮಾಜದ ಜೊತೆ ಒಂದು ವ್ಯಾಪಾರ. ನಿನಗೆ ತಿಳಿದದ್ದನ್ನು ನಮಗೆಲ್ಲ ಹೇಳು, ಸ್ವಲ್ಪ ಕಾಲ ಲಾಭ ನೀನು ತಗೋ. ನಾನೋ, ಏನೂ ಹೇಳದೆ ಎಲ್ಲ ಲಾಭ ತಗೊಳ್ಳುವ ಆಸೆಯಲ್ಲಿದ್ದೆ.

ಸರಿ, ಒಬ್ಬ ಪೇಟೆಂಟ್ ಏಜೆಂಟರ ಹತ್ತಿರ ಹೋದೆ. ವಯಸ್ಸಾದವರು, ನಿಧಾನಕ್ಕೆ ಮಾತಾಡುತ್ತಿದ್ದರು. ನನ್ನ ಸ್ಲೈಡುಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಆಮೇಲೆ ಒಂದು ಫಾರಂ ತೆಗೆದು ಪೆನ್ನು ಹಿಡಿದು ಕೇಳಿದರು: ‘ಇನ್ವೆಂಟರ್ ಹೆಸರು?’

ಬಾಯಿಗೆ ನನ್ನ ಹೆಸರು ಬಂದಿತ್ತು. ಅವರು ತಲೆ ಎತ್ತದೆ ಮುಂದುವರಿಸಿದರು. ‘ಕಾಯ್ದೆಯ ಭಾಷೆಯಲ್ಲಿ ನಿಜವಾದ ಮತ್ತು ಮೊದಲ ಆವಿಷ್ಕಾರಕ. ದುಡ್ಡು ಹಾಕಿದವರು, ಡ್ರಾಯಿಂಗ್ ಮಾಡಿದವರು, ಟೈಪ್ ಮಾಡಿದವರು ಬರಲ್ಲ. ಇದು ಯಾರ ತಲೆಯಲ್ಲಿ ಮೊದಲು ಬಂತೋ ಅವರು. ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರ ಹೆಸರೂ ಬರೀಬೇಕು.’

‘ನಾನೇ’ ಅಂದೆ. ಅಂದ ತಕ್ಷಣ ನನ್ನ ದನಿ ನನಗೇ ಸ್ವಲ್ಪ ತೆಳ್ಳಗೆ ಕೇಳಿಸಿತು. ‘ಒಂದು ದಿನ ಟೈಮ್ ಕೊಡಿ ಸಾರ್’ ಅಂತ ಎದ್ದು ಬಂದೆ.

ಈಗ ನಿಜ ಹೇಳಬೇಕು. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ತುಮಕೂರು ಜಿಲ್ಲೆಯ ಕಡೆಯವರು. ಎರಡು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿಂದ ಬಿದ್ದು ಎಡ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚಿದ ಮೇಲೂ ಹಿಡಿತ ಪೂರ್ತಿ ಬರಲಿಲ್ಲ. ಕೆಲಸ ಬಿಡುವ ಹಾಗಿರಲಿಲ್ಲ, ಐದು ಮನೆ ಇತ್ತು. ಒಂದು ದಿನ ನಾನು ಎರಡು ಮೀಟಿಂಗುಗಳ ನಡುವೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೋಡಿದೆ. ಕುಕ್ಕರಿನ ಹಳೇ ಗ್ಯಾಸ್ಕೆಟ್ಟಿಗೆ ಹರಿದ ಕಾಟನ್ ಸೀರೆಯ ಪಟ್ಟಿ ಸುತ್ತಿ, ಒದ್ದೆ ಮಾಡಿ, ಕಟ್ಟೆಯ ಮೇಲಿಟ್ಟು, ಅದರ ಮೇಲೆ ಬೋಗುಣಿ ಕೂರಿಸಿದ್ದರು. ಒಂದೇ ಕೈಯಲ್ಲಿ ಹಿಟ್ಟು ಕಲಸುತ್ತಿದ್ದರು. ಬೋಗುಣಿ ಅಲುಗುತ್ತಿರಲಿಲ್ಲ. ‘ಇದೇನಕ್ಕಾ’ ಅಂದೆ. ‘ಬರೀ ರಬ್ಬರಿಟ್ರೆ ಎಣ್ಣೆ ಕೈಗೆ ಜಾರ್ತೈತೆ, ಬರೀ ಬಟ್ಟೆ ಇಟ್ರೆ ಸರಿದೋಗ್ತೈತೆ. ಎರಡೂ ಸೇರಿದ್ರೆ ನಿಲ್ತೈತೆ. ನಮ್ ಸಿಂಬಿ ಇದ್ದಂಗೇ’ ಅಂದರು.

ಸಿಂಬಿ ಗೊತ್ತಲ್ಲ? ಬಿಂದಿಗೆ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ದುಂಡು ತಳದ ಮಡಕೆ ಉರುಳದಂತೆ ಕೆಳಗಿಡುವ ಹುಲ್ಲಿನ, ನಾರಿನ ಬಳೆ. ನನ್ನ ಅಜ್ಜಿಯ ಮನೆಯ ನೀರಿನ ಮೂಲೆಯಲ್ಲೂ ಇತ್ತು.

ಏಜೆಂಟರ ಆಫೀಸಿನಿಂದ ಬಂದ ರಾತ್ರಿ ಫೋನಿನ ನೋಟ್ಸ್ ತೆಗೆದೆ. ನಾನು ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವವನು. ಮೊದಲ ಟಿಪ್ಪಣಿ: ‘ಅಕ್ಕನ ಗ್ಯಾಸ್ಕೆಟ್ ಟ್ರಿಕ್, ಸೂಪರ್’. ಎರಡು ವಾರದ ನಂತರ: ‘ಗ್ಯಾಸ್ಕೆಟ್ ಐಡಿಯಾ, ಸಿಲಿಕೋನಿನಲ್ಲಿ ಮಾಡಬಹುದಾ?’ ಒಂದೂವರೆ ತಿಂಗಳ ನಂತರ: ‘ರಿಂಗ್ ಕಾನ್ಸೆಪ್ಟ್’. ಮೂರನೇ ತಿಂಗಳು: ‘ನನ್ನ ರಿಂಗ್, ಯಾರಿಗೂ ಹೇಳಬಾರದು’.

ನಾಲ್ಕು ಸಾಲಿನಲ್ಲಿ ಒಬ್ಬ ಮನುಷ್ಯೆ ಮಾಯವಾಗಿದ್ದರು. ಯಾವ ಸಾಲಿನಲ್ಲೂ ನಾನು ಕೂತು ಅವರ ಹೆಸರನ್ನು ಅಳಿಸಿರಲಿಲ್ಲ. ಬೇರೆಯವರಿಂದ ಕೇಳಿದ್ದು ತನ್ನದೇ ಹೊಸ ಯೋಚನೆ ಅಂತ ಮನಸ್ಸು ನಂಬಿಬಿಡುವುದಕ್ಕೆ ಮನಶ್ಶಾಸ್ತ್ರದಲ್ಲಿ ಕ್ರಿಪ್ಟೋಮ್ನೇಷಿಯಾ ಅನ್ನುತ್ತಾರೆ. ಆ ಪದ ಸಿಕ್ಕಾಗ ಒಂದು ಕ್ಷಣ ಸಮಾಧಾನವೂ ಆಯಿತು, ನೋಡು ಇದೊಂದು ಮರೆವು, ಕಾಯಿಲೆ ಥರ, ನನ್ನ ತಪ್ಪಲ್ಲ ಅಂತ. ಆದರೆ ನನಗೆ ಮರೆತಿರಲಿಲ್ಲ. ಪ್ರತಿದಿನ ಬೆಳಗ್ಗೆ ಅದೇ ಅಕ್ಕ ಅದೇ ಗ್ಯಾಸ್ಕೆಟ್ ಮೇಲೆ ಹಿಟ್ಟು ಕಲಸುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಅದರ ಪಕ್ಕದಲ್ಲೇ ನಿಂತಿರುತ್ತಿದ್ದೆ. ಅಡುಗೆಮನೆಯಲ್ಲಿ ಕಂಡದ್ದು ‘ಟ್ರಿಕ್’, ಸ್ಲೈಡಿನಲ್ಲಿ ಬಂದದ್ದು ‘ಇನ್ನೊವೇಶನ್’ ಅಂತ ನನ್ನ ತಲೆ ಸದ್ದಿಲ್ಲದೆ ವಿಂಗಡಿಸಿಬಿಟ್ಟಿತ್ತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ಜಾತ್ರೆ ಮಾಡಲು ಹೊರಟವನಿಗೆ ದುಡ್ಡು ಯಾರದು ಅಂತ ಪೂರ್ತಿ ಗೊತ್ತಿತ್ತು.

ಆ ರಾತ್ರಿ ನನ್ನ ಪರವಾಗಿಯೂ ವಾದ ಮಾಡಿದೆ. ಸುಮ್ಮನೆ ತಪ್ಪೊಪ್ಪಿಕೊಳ್ಳುವುದೂ ಒಂದು ಸೋಮಾರಿತನವೇ. 1689ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಜಾನ್ ಲಾಕ್ ಆಸ್ತಿಯ ಹಕ್ಕು ಎಲ್ಲಿಂದ ಬರುತ್ತದೆ ಅಂತ ವಿವರಿಸುತ್ತಾನೆ: ಎಲ್ಲರಿಗೂ ಸೇರಿದ ಪ್ರಕೃತಿಯ ಜೊತೆ ಒಬ್ಬ ತನ್ನ ದುಡಿಮೆ ಬೆರೆಸಿದಾಗ ಅದು ಅವನದಾಗುತ್ತದೆ. ನಾನು ದುಡಿದಿಲ್ಲವೇ? ಎಂಟು ತಿಂಗಳ ಶನಿವಾರ ಭಾನುವಾರ. ಗಟ್ಟಿ ಸಿಲಿಕೋನಾದರೆ ಬೋಗುಣಿ ಹಿಡಿಯದು, ಮೆತ್ತಗಾದರೆ ಬಳೆಯೇ ಮಡಚಿಕೊಳ್ಳುತ್ತದೆ. ಇದು ಗೊತ್ತಾಗುವುದಕ್ಕೆ ಏಳು ಮಾದರಿ ಹಾಳಾದವು. ಒಳಗಿನ ಮೂರು ಏಣು ಗ್ಯಾಸ್ಕೆಟ್ಟಿನಲ್ಲಿ ಇರಲಿಲ್ಲ. ವಾಲಿಸಿ ನಿಲ್ಲಿಸುವ ಇಳಿಜಾರು ನನ್ನದೇ. ಅಚ್ಚಿಗೆ ಎರಡೂವರೆ ಲಕ್ಷ ನನ್ನ ಉಳಿತಾಯದಿಂದ ಹೋಗಬೇಕು. ಅಕ್ಕ ಇದನ್ನು ಎಂದಾದರೂ ಮಾರುತ್ತಿದ್ದರೇ? ಇಲ್ಲ. ನಾನು ಮುಟ್ಟದಿದ್ದರೆ ಅದು ನಮ್ಮ ಕಟ್ಟೆಯ ಮೇಲೆಯೇ ಸವೆದು ಹೋಗುತ್ತಿತ್ತು.

ಇದೆಲ್ಲ ಸುಳ್ಳಲ್ಲ. ಐಡಿಯಾ ಹೊಳೆಯುವುದಕ್ಕೂ ಅದು ಅಂಗಡಿಯ ಶೆಲ್ಫಿಗೆ ಬರುವುದಕ್ಕೂ ನಡುವಿನ ದಾರಿ ತುಂಬ ಉದ್ದ. ಅಲ್ಲಿ ಬೆವರು ಸುರಿಸಿದವನಿಗೆ ಪಾಲು ಬೇಕು. ಆದರೆ ಲಾಕ್ ಮಾತಿನಲ್ಲೇ ನನಗೆ ಎರಡು ಮುಳ್ಳು ಚುಚ್ಚಿದವು. ಒಂದು, ನಾನು ದುಡಿಮೆ ಬೆರೆಸಿದ್ದು ಖಾಲಿ ನೆಲಕ್ಕಲ್ಲ, ಈಗಾಗಲೇ ಒಬ್ಬರು ಉತ್ತ ನೆಲಕ್ಕೆ. ಎರಡು, ಅವನೇ ಹಾಕಿದ ಷರತ್ತು: ನೀನು ತೆಗೆದುಕೊಂಡ ಮೇಲೂ ಉಳಿದವರಿಗೆ ಸಾಕಷ್ಟು, ಅಷ್ಟೇ ಚೆನ್ನಾಗಿರುವುದು ಉಳಿದಿರಬೇಕು. ನನ್ನ ಹೆಸರಲ್ಲಿ ಪೇಟೆಂಟ್ ಬಂದರೆ, ನಾಳೆ ಅಕ್ಕ ತಮ್ಮ ಗ್ಯಾಸ್ಕೆಟ್ ಸಿಂಬಿಯನ್ನು ಕಟ್ಟಿ ನಾಲ್ಕು ಜನಕ್ಕೆ ಮಾರಿದರೆ, ಕಾಗದದ ಲೆಕ್ಕದಲ್ಲಿ ಕಳ್ಳರು ಯಾರಾಗಬಹುದಿತ್ತು?

ಐಡಿಯಾ ಹಂಚಿದರೆ ಕಡಿಮೆಯಾಗುವುದಿಲ್ಲ, ದೀಪದಿಂದ ದೀಪ ಹಚ್ಚಿದ ಹಾಗೆ ಅನ್ನುವ ಮಾತು ನಮಗೆಲ್ಲ ಗೊತ್ತು. ಅಮೆರಿಕದ ಥಾಮಸ್ ಜೆಫರ್ಸನ್ ಕೂಡ 1813ರ ಒಂದು ಪತ್ರದಲ್ಲಿ ಹೆಚ್ಚುಕಡಿಮೆ ಇದೇ ಹೋಲಿಕೆ ಕೊಡುತ್ತಾನೆ. ತಮಾಷೆಯೆಂದರೆ ಆ ದೇಶದಲ್ಲಿ 1790ರಲ್ಲಿ ಪೇಟೆಂಟ್ ಪರಿಶೀಲಿಸಲು ಕೂತ ಮೊದಲ ಮಂಡಳಿಯಲ್ಲಿ ಅವನೂ ಇದ್ದ. ಬೆಳಕು ಎಲ್ಲರದ್ದು ಅನ್ನುವವನಿಗೂ ಎಣ್ಣೆ ಹಾಕಿದವನಿಗೆ ಏನಾದರೂ ಕೊಡಬೇಕು ಅಂತ ಗೊತ್ತಿತ್ತು.

ನಮ್ಮಲ್ಲೂ ಈ ಜಗ್ಗಾಟ ಹಳೆಯದು. ಜಗದೀಶ್ ಚಂದ್ರ ಬೋಸ್ 1901ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಡಲು ಹೋದಾಗ ಒಂದು ಟೆಲಿಗ್ರಾಫ್ ಕಂಪನಿಯ ಮಾಲೀಕ ಬಂದು, ಎಲ್ಲ ಹೇಳಿಬಿಡಬೇಡಿ, ಪೇಟೆಂಟ್ ಮಾಡಿಸೋಣ, ಲಾಭದಲ್ಲಿ ಪಾಲು ಕೊಡಿ ಅಂತ ಕೇಳಿದ. ಬೋಸರು ಅದನ್ನು ಬೇಸರದಿಂದ ರವೀಂದ್ರನಾಥ ಟ್ಯಾಗೋರರಿಗೆ ಪತ್ರದಲ್ಲಿ ಬರೆದರು. ಕೊನೆಗೆ ಸಾರಾ ಬುಲ್ ಎಂಬ ಹಿತೈಷಿಯ ಒತ್ತಾಯಕ್ಕೆ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರಲ್ಲಿ ಪೇಟೆಂಟೂ ಬಂತು. ಬೋಸರು ಅದರಿಂದ ದುಡ್ಡು ಮಾಡಲು ಹೋಗಲೇ ಇಲ್ಲ. 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಸ್ಥೆ ತೆರೆದಾಗ, ಇಲ್ಲಿನ ಸಂಶೋಧನೆಗೆ ಪೇಟೆಂಟ್ ಇರುವುದಿಲ್ಲ ಅಂತಲೇ ಸಾರಿದರು. ಓದುವಾಗ ಎದೆ ಉಬ್ಬುತ್ತದೆ. ಆದರೆ ಬೋಸರು ಬಿಟ್ಟುಕೊಟ್ಟದ್ದು ತಮ್ಮದನ್ನು. ನನ್ನದಲ್ಲದ್ದನ್ನು ಬಿಟ್ಟುಕೊಟ್ಟು ನಾನು ಉದಾರಿ ಆಗಲು ಬರುವುದಿಲ್ಲ. ‘ಎಲ್ಲರಿಗೂ ಉಚಿತ’ ಅಂತ ನಾನು ಘೋಷಿಸಿದರೂ ಅದು ಅಕ್ಕನನ್ನು ಕೇಳದೆಯೇ ಆಗುತ್ತಿತ್ತು.

ಅರಿಶಿನದ ಕಥೆ ನಿಮಗೆ ನೆನಪಿರಬಹುದು. ಗಾಯ ಮಾಯಲು ಅರಿಶಿನ ಹಚ್ಚುವ ವಿಧಾನಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥ, ಲೇಖನಗಳನ್ನು ಸಾಕ್ಷಿಯಾಗಿ ಒಡ್ಡಿ ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಶಾಲೆಯಲ್ಲಿ ಇದನ್ನು ನಾವು ‘ವಿದೇಶಿಯರು ನಮ್ಮ ಅರಿಶಿನ ಕದ್ದರು’ ಅಂತ ಕೇಳಿದ್ದೆವು. ಅರ್ಜಿಯಲ್ಲಿದ್ದ ಇಬ್ಬರು ಸಂಶೋಧಕರೂ ಭಾರತೀಯ ಮೂಲದವರು ಅನ್ನುವುದು ನನಗೆ ತಿಳಿದದ್ದು ಈಚೆಗೆ. ಅವರನ್ನು ಬಯ್ಯಲು ಹೊರಟು ನಿಂತೆ. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ನನ್ನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಮಾತ್ರ ದಿನಾಂಕ ಸಮೇತ ನಾಲ್ಕು ಟಿಪ್ಪಣಿ ಇದೆ.

ಇನ್ನೊಂದು ಕಥೆ ಜೈಪುರ ಕಾಲಿನದ್ದು. 1960ರ ದಶಕದ ಕೊನೆಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ಕೃತಕ ಪಾದ ಅದು. ರಬ್ಬರಿನದು. ಬರಿಗಾಲಲ್ಲಿ ನಡೆಯಬಹುದು, ಕುಕ್ಕುರುಗಾಲಲ್ಲಿ ಕೂರಬಹುದು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಅದರಿಂದ ಅದು ಅಗ್ಗವಾಗಿ ಬೇರೆ ಬೇರೆ ದೇಶದ ಬಡವರಿಗೂ ತಲುಪಿತು. ಇದು ಎಲ್ಲರೂ ಹೇಳುವ ಭಾಗ. 1981ರ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಡಾ. ಸೇಠಿಯವರಿಗೆ. ಅವರು ಅರ್ಹರೇ, ಅನುಮಾನ ಇಲ್ಲ. ಆದರೆ ನನ್ನ ಗೆಳೆಯರ ಗುಂಪಿನಲ್ಲಿ ಜೈಪುರ ಕಾಲು ಗೊತ್ತಿದ್ದ ಆರು ಜನರಲ್ಲಿ ಒಬ್ಬರಿಗೂ ಶರ್ಮಾ ಹೆಸರು ಗೊತ್ತಿರಲಿಲ್ಲ. ದುಡ್ಡಿನ ಆಸೆ ಇಲ್ಲದ ಕಡೆಯೂ ಹೆಸರು ಮೇಲಕ್ಕೇ ಹರಿಯುತ್ತದೆ. ಪದವಿ ಇರುವವರ ಕಡೆಗೆ, ಇಂಗ್ಲಿಷಿನಲ್ಲಿ ವಿವರಿಸಬಲ್ಲವರ ಕಡೆಗೆ. ನಮ್ಮ ಮನೆಯಲ್ಲಿ ಅಂಥವನು ನಾನು.

ಅಹಮದಾಬಾದಿನ ಐಐಎಂನಲ್ಲಿ ಪ್ರೊಫೆಸರಾಗಿದ್ದ ಅನಿಲ್ ಗುಪ್ತಾ 1980ರ ದಶಕದ ಕೊನೆಯಲ್ಲಿ ಹನಿ ಬೀ ನೆಟ್‌ವರ್ಕ್ ಶುರು ಮಾಡಿದಾಗ ಹಾಕಿಕೊಂಡ ನಿಯಮಗಳು ಸರಳ. ಹಳ್ಳಿಯವರಿಂದ ಜ್ಞಾನ ಪಡೆದರೆ ಕೊಟ್ಟವರ ಹೆಸರು ಹೇಳಬೇಕು. ಅದನ್ನು ಅವರ ಭಾಷೆಯಲ್ಲೇ ಅವರಿಗೆ ತಿರುಗಿ ತಲುಪಿಸಬೇಕು. ಲಾಭ ಬಂದರೆ ಅವರಿಗೂ ಪಾಲು ಹೋಗಬೇಕು. ಜೇನು ಹೂವಿನಿಂದ ಮಕರಂದ ತಗೊಂಡರೂ ಹೂವು ಬಡವಾಗುವುದಿಲ್ಲ ಅನ್ನುವ ಅರ್ಥದಲ್ಲಿ ಆ ಹೆಸರು. ನಾನು ಮೂರರಲ್ಲಿ ಮೊದಲನೆಯದನ್ನೂ ಮಾಡಿರಲಿಲ್ಲ.

ಮರುದಿನ ಬೆಳಗ್ಗೆ ಮೀಟಿಂಗ್ ಒಂದನ್ನು ಮುಂದೂಡಿ ಅಕ್ಕನನ್ನು ಕೂರಿಸಿ ಎಲ್ಲ ಹೇಳಿದೆ. ಮಾದರಿ ತೋರಿಸಿದೆ. ಕ್ಷಮೆ ಕೇಳುವ ದನಿಯಲ್ಲಿ ಹೇಳಿದೆ. ಅವರು ಕಣ್ಣೀರು ಹಾಕಿ ‘ನೀವೇ ಇಟ್ಕಳಿ ಸಾರ್’ ಅನ್ನುತ್ತಾರೆ ಅಂತ ಎಲ್ಲೋ ಒಂದು ಕಡೆ ಆಸೆ ಇತ್ತೇನೋ. ಅವರು ಮಾದರಿಯನ್ನು ತಿರುಗಿಸಿ, ಅದುಮಿ, ಮೂಸಿ ನೋಡಿ, ‘ಎತ್ತರ ಜಾಸ್ತಿ ಆಯ್ತು’ ಅಂದರು. ‘ಕುಳ್ಳಗಿರೋರಿಗೆ ಭುಜ ನೋಯ್ತೈತೆ. ಅರ್ಧ ಬೆರಳು ಇಳಿಸಿ.’ ಎಂಟು ತಿಂಗಳಲ್ಲಿ ನನಗೆ ಹೊಳೆಯದ ತಿದ್ದುಪಡಿ. ಕಾರಣ ಸರಳ, ನಾನು ಐದಡಿ ಹತ್ತಿಂಚು, ಚಪಾತಿ ಹಿಟ್ಟು ಕಲಸುವವನಲ್ಲ.

ಆಮೇಲೆ ಕೇಳಿದರು: ‘ದುಡ್ಡು ಬರ್ತೈತಾ?’

‘ಬಂದರೂ ಬರಬಹುದು. ಬಂದರೆ ನಿಮಗೂ ಪಾಲು.’

‘ಬರದಿದ್ರೆ? ನೀವು ಸಾಲ ಗೀಲ ಮಾಡಿ, ಅದು ನನ್ ತಲೆಗೂ ಬರ್ತೈತಾ?’

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಹಿಂದಿನ ರಾತ್ರಿಯಿಂದ ಅರ್ಧ ಅರ್ಧ ಪಾಲುದಾರಿಕೆ ಅಂತ ದೊಡ್ಡ ಮನಸ್ಸು ಮಾಡಿಕೊಂಡಿದ್ದೆ. ಪಾಲುದಾರಿಕೆಯಲ್ಲಿ ನಷ್ಟಕ್ಕೂ ಪಾಲಿದೆ. ನನಗೆ ಎರಡೂವರೆ ಲಕ್ಷ ಹೋದರೆ ಬೇಜಾರು. ಅವರ ಮನೆಗೆ ಅದರ ಹತ್ತರಲ್ಲೊಂದು ಭಾಗ ಬಂದೆರಗಿದರೂ ಮಗಳ ಕಾಲೇಜು ನಿಲ್ಲುತ್ತದೆ. ಸಮಪಾಲು ಅಂದರೆ ನ್ಯಾಯ ಅಂತ ನನ್ನ ತಲೆಯಲ್ಲಿತ್ತು. ಅವರ ಒಂದು ಪ್ರಶ್ನೆಗೆ ಅದು ಬಿದ್ದುಹೋಯಿತು.

ಕೊನೆಗೆ ಒಪ್ಪಿಕೊಂಡದ್ದು ಹೀಗೆ. ಹಾಕುವ ದುಡ್ಡು, ಹೋಗುವ ದುಡ್ಡು ನನ್ನದು. ಮಾರಿದ ಪ್ರತಿ ಬಳೆಯ ಮೇಲೆ ಅವರಿಗೆ ಇಷ್ಟು ಅಂತ ನಿಗದಿ, ಲಾಭ ಬಂದಿದೆಯೋ ಇಲ್ಲವೋ ಅನ್ನುವ ಲೆಕ್ಕ ಇಲ್ಲ, ಏಕೆಂದರೆ ಲಾಭದ ಲೆಕ್ಕ ಬರೆಯುವವನು ನಾನು. ಅವರು ನಮ್ಮ ಮನೆಯ ಕೆಲಸ ಬಿಟ್ಟರೂ ಅದು ನಿಲ್ಲುವುದಿಲ್ಲ. ಒಪ್ಪಂದ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿ ಹೇಳಿದೆ. ಅಷ್ಟಕ್ಕೇ ಅವರು ಸಹಿ ಹಾಕಲಿಲ್ಲ. ಮನೆಗೆ ಒಯ್ದು ಮಗಳ ಹತ್ತಿರ ಓದಿಸಿದರು. ಬಿಕಾಂ ಎರಡನೇ ವರ್ಷದ ಆ ಹುಡುಗಿ ‘ಪ್ರತಿ ಮೂರು ತಿಂಗಳಿಗೆ ಲೆಕ್ಕ ತೋರಿಸತಕ್ಕದ್ದು’ ಅಂತ ಒಂದು ಸಾಲು ಸೇರಿಸಿ ಕಳಿಸಿದಳು. ನನ್ನ ಗೆಳೆಯ ಓದದೇ ಹಾಕಿದ ಸಹಿಗಿಂತ ಅಕ್ಕ ಓದಿಸಿ ಹಾಕಿದ ಸಹಿಯ ಮೇಲೆ ನನಗೆ ಹೆಚ್ಚು ಗೌರವ.

ಏಜೆಂಟರ ಹತ್ತಿರ ಎರಡು ಹೆಸರು ತಗೊಂಡು ಹೋದೆ. ಅವರು ಹುಡುಕಾಟ ಮುಗಿಸಿ ಇಟ್ಟಿದ್ದರು. ಜಾರದ ಬಟ್ಟಲು, ಸಿಲಿಕೋನ್ ತಳ, ವಾಲುವ ಸ್ಟ್ಯಾಂಡ್, ಈಗಾಗಲೇ ಎಷ್ಟೋ ಇವೆ. ‘ಅದೆಲ್ಲ ಇರಲಿ. ನಮ್ಮ ಕಾಯ್ದೆಯ ಮೂರನೇ ಕಲಂ ಪ್ರಕಾರ ಸಾಂಪ್ರದಾಯಿಕ ಜ್ಞಾನ ಆವಿಷ್ಕಾರ ಅಲ್ಲ. ನೀವು ಮಾಡಿರೋದು ಸಿಂಬಿ ತಾನೇ?’ ಅಂದು ನಕ್ಕರು. ಪೇಟೆಂಟ್ ಸಿಗುವ ಸಾಧ್ಯತೆ ಕಡಿಮೆ, ದುಡ್ಡು ದಂಡ ಮಾಡಬೇಡಿ ಅಂತ ಸಲಹೆ. ನಮ್ಮ ಬಳೆಯ ಆಕಾರ ಮಾತ್ರ ಹೊಸದು, ಅದಕ್ಕೆ ವಿನ್ಯಾಸ ನೋಂದಣಿಗೆ ಇಬ್ಬರ ಹೆಸರಲ್ಲಿ ಅರ್ಜಿ ಹಾಕಿದೆವು. ಅರ್ಜಿ ಹೋದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬಹಿರಂಗ ಮಾಡಿದರೆ ಹೊಸತನ ಹೋಗುತ್ತದೆ ಅನ್ನುವ ಪಾಠ ಮರೆತಿಲ್ಲ. ಒಳ್ಳೆಯವನಾಗುವುದಕ್ಕೆ ದಡ್ಡನಾಗಬೇಕಾದ ಅಗತ್ಯ ಇಲ್ಲ.

ಅಂದರೆ ಗುಟ್ಟು ಬೇಡವೇ? ಬೇಕು. ಕಾರ್ಖಾನೆಗೆ ಡ್ರಾಯಿಂಗ್ ಕೊಡುವ ಮುಂಚೆ ಗೋಪ್ಯತಾ ಒಪ್ಪಂದ ಮಾಡಿಕೊಂಡೆ, ನೀವೂ ಮಾಡಿಕೊಳ್ಳಿ. ನಮ್ಮಲ್ಲಿ ವ್ಯಾಪಾರ ರಹಸ್ಯಕ್ಕೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲದಿರುವಾಗ ಒಪ್ಪಂದದ ಕಾಗದವೇ ಆಸರೆ. ಅಪರಿಚಿತರ ನಡುವೆ ಅಂಥ ಕಾಗದ ಒಂದು ಮರ್ಯಾದೆ, ಇಬ್ಬರಿಗೂ ಗಡಿ ಗೊತ್ತಿರುತ್ತದೆ. ನನ್ನನ್ನು ಕಾಡಿದ್ದು ಕಾಗದದ ದಿಕ್ಕು. ನಾವು ಗೋಡೆ ಕಟ್ಟುವುದು ನಮ್ಮಿಂದ ಯಾರು ಕದಿಯಬಹುದು ಅಂತ ಲೆಕ್ಕ ಹಾಕಿ. ನಾವು ಯಾರಿಂದ ತಂದೆವು ಅನ್ನುವ ಲೆಕ್ಕ ಯಾವ ಟೆಂಪ್ಲೇಟಿನಲ್ಲೂ ಇರುವುದಿಲ್ಲ. ಆ ಏಜೆಂಟರು ಫಾರಂ ತುಂಬಲೆಂದು ಕೇಳದಿದ್ದರೆ ನಾನು ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತಿದ್ದೆನೇ? ಇಲ್ಲ ಅಂತಲೇ ನನ್ನ ಅನುಮಾನ. ಈ ಬರಹ ಬರೆಯುವುದಕ್ಕೆ ಅದೇ ಕಾರಣ. ನಿಮ್ಮ ಫೋನಿನಲ್ಲೂ ಒಂದು ಐಡಿಯಾದ ಫೋಲ್ಡರ್ ಇದ್ದರೆ, ಅದರ ಮೊದಲ ಟಿಪ್ಪಣಿ ಒಮ್ಮೆ ತೆಗೆದು ನೋಡಿ.

ಪೂರ್ತಿ ಸಮಾಧಾನವಾಗಿಲ್ಲ. ಸಿಂಬಿ ಅಕ್ಕನದ್ದೂ ಅಲ್ಲ. ಅವರಿಗೆ ಅವರ ಅಮ್ಮ ಕಲಿಸಿದ್ದು, ಅಮ್ಮನಿಗೆ ಇನ್ಯಾರೋ. ಎಷ್ಟು ತಲೆಗಳ ಮೇಲೆ ಎಷ್ಟು ಬಿಂದಿಗೆ ಹೊತ್ತು ಅದು ಇಲ್ಲಿಗೆ ಬಂತೋ, ಅವರಿಗೆಲ್ಲ ಪಾಲು ಕೊಡುವ ಒಪ್ಪಂದ ಬರೆಯಲು ಬರುವುದಿಲ್ಲ. ಅಕ್ಕನಿಗೆ ಈ ಚಿಂತೆ ಇಲ್ಲ. ನಾವು ವಿನ್ಯಾಸದ ಅರ್ಜಿ ಹಾಕುವ ಮುಂಚೆಯೇ ಅವರು ತಮ್ಮ ಗ್ಯಾಸ್ಕೆಟ್ ಸಿಂಬಿಯನ್ನು ಉಳಿದ ನಾಲ್ಕು ಮನೆಗಳಿಗೂ ಕಟ್ಟಿಕೊಟ್ಟು ಆಗಿತ್ತು. ‘ಹೇಳಬಾರದಿತ್ತಾ?’ ಅಂತ ಕೇಳಿದರು. ‘ಅದು ನಿಮ್ಮದು, ಯಾರಿಗೆ ಬೇಕಾದರೂ ಕೊಡಿ’ ಅಂದೆ. ಆ ಮಾತು ಹೇಳುವ ಅಧಿಕಾರವೂ ನನಗಿದೆಯೋ ಇಲ್ಲವೋ ಗೊತ್ತಿಲ್ಲ.

ಗೆಳೆಯನಿಗೆ ಹೋದ ಭಾನುವಾರ ಫೋನ್ ಮಾಡಿ, ಆ ಕಾಗದ ಹರಿದು ಹಾಕು ಮಾರಾಯ ಅಂದೆ. ‘ಯಾವ ಕಾಗದ?’ ಅಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ, ‘ಅಮ್ಮನ ಬಲಗೈಗೆ ಸ್ಟ್ರೋಕ್ ಆಗಿ ಆರು ತಿಂಗಳಾಯ್ತಲ್ಲ, ನಿನ್ನ ಬಳೆ ರೆಡಿಯಾದ್ರೆ ಒಂದು ಕೊಡು’ ಅಂದ. ಸಹಿ ಹಾಕಿದ ದಿನವೇ ಇದನ್ನು ಕೇಳಬೇಕು ಅಂದುಕೊಂಡಿದ್ದನಂತೆ. ಗುಟ್ಟು ಅಂದೆನಲ್ಲ, ಅದಕ್ಕೆ ಕೇಳಲಿಲ್ಲವಂತೆ.

ಅಚ್ಚು ಇನ್ನೂ ಬಂದಿಲ್ಲ. ಅಕ್ಕನ ಹತ್ತಿರ ಒಂದು ಗ್ಯಾಸ್ಕೆಟ್ ಸಿಂಬಿ ಕಟ್ಟಿಸಿಕೊಂಡು ಸಂಜೆ ಅವನ ಮನೆಗೆ ಕೊಟ್ಟು ಬಂದೆ.